ದಮ್ಮಿನ ಪುಡಿ: ಕೇಳದೆ ನುಂಗಬೇಡಿ!

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಘಾಟಿಗೆ ಕೆಮ್ಮದವರಿಲ್ಲ. ತೊಟ್ಟು ಬಿಡಿಸುವ ಹೆಣ್ಣುಮಕ್ಕಳು, ಚೀಲ ಹೊರುವ ಹಮಾಲರು, ಅಂಗಡಿಯಲ್ಲಿ ಕೂತ ದಲಾಲರು, ಎಲ್ಲರದೂ ಒಂದೇ ಪಾಡು. ಕೆಮ್ಮು ಬಲಿತು ದಮ್ಮು ಹತ್ತಿದಾಗ ದವಾಖಾನೆಗಿಂತ ಮೊದಲು ನೆನಪಾಗುವುದು ಸಂತೆಯ ಪುಡಿ, ಇಲ್ಲವೇ ಯಾರೋ ಹೇಳಿದ ಸೊಪ್ಪಿನ ರಸ. ಹಾವೇರಿ, ರಾಣೆಬೆನ್ನೂರಿನ ಬಸ್ ನಿಲ್ದಾಣಗಳ ಹೊರಗೂ ಇದೇ ಮಾತು: “ಗಿಡಮೂಲಿಕಿ ಐತ್ರಿ, ಏನೂ ಆಗೂದಿಲ್ಲ, ತಗೋರಿ!”

ಏನೂ ಆಗೋದಿಲ್ಲವೇ?

ಹಿತ್ತಲಲ್ಲಿ ಬೆಳೆಯುವ ಚಕ್ರಮುನಿ ಸೊಪ್ಪನ್ನೇ ನೋಡಿ. ವಿಟಮಿನ್ ಸೊಪ್ಪು ಅಂತ ಅದಕ್ಕೆ ಹೆಸರು. ಬೇಯಿಸಿ ಪಲ್ಯ ಮಾಡಿ ಉಂಡವರು ಚೆನ್ನಾಗೇ ಇದ್ದಾರೆ. ಆದರೆ ತೈವಾನ್ ದೇಶದಲ್ಲಿ 1994-95ರ ಸುಮಾರಿಗೆ ಮೈ ಇಳಿಸುವ ಆಸೆಯಿಂದ ಇದರ ಹಸಿ ರಸವನ್ನು ವಾರಗಟ್ಟಲೆ ಕುಡಿದ ನೂರಾರು ಜನ, ಹೆಚ್ಚಾಗಿ ಹೆಂಗಸರು, ಏದುಸಿರು ಬಿಡುತ್ತ ಆಸ್ಪತ್ರೆ ಸೇರಿದರು. ಶ್ವಾಸಕೋಶದ ಸಣ್ಣ ಗಾಳಿನಾಳಗಳು ಗಾಯಗೊಂಡು ಮುಚ್ಚಿಹೋಗಿದ್ದವು. ರಸ ಬಿಟ್ಟ ಮೇಲೂ ಮೊದಲಿನ ಉಸಿರು ಬರಲಿಲ್ಲ. ಕೆಲವರು ಸತ್ತರು. ಕೆಲವರಿಗೆ ಬೇರೆಯವರ ಶ್ವಾಸಕೋಶ ಜೋಡಿಸಬೇಕಾಯಿತು!

ಜಪಾನಿನಲ್ಲೂ ಹೀಗೇ ಆಯಿತು. ಶುಂಠಿ, ಜ್ಯೇಷ್ಠಮಧು ಸೇರಿ 7 ಮೂಲಿಕೆಗಳ ಹಳೇ ಔಷಧಿಯೊಂದನ್ನು ಲಿವರ್ ರೋಗಿಗಳಿಗೆ ಡಾಕ್ಟರರೇ ಬರೆದು ಕೊಡುತ್ತಿದ್ದರು. ಅದನ್ನು ತಗೊಂಡ ಕೆಲವರಿಗೆ ಶ್ವಾಸಕೋಶ ಉರಿಯೂತವಾಗಿ ಪ್ರಾಣವೇ ಹೋಯಿತು. 1996ರಲ್ಲಿ ಅಲ್ಲಿನ ಸರ್ಕಾರ ಎಚ್ಚರಿಕೆ ಹೊರಡಿಸಿತು.

ಇದು ಮೂಲಿಕೆಯ ಮಾತಾಯಿತು. ಮೂಲಿಕೆಯ ಹೆಸರಲ್ಲಿ ನಡೆಯುವ ಮೋಸ ಬೇರೆ. ಹೆಸರಿಲ್ಲದ ದಮ್ಮಿನ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿದ್ದು ನಮ್ಮ ದೇಶದಲ್ಲಿ ಪರೀಕ್ಷೆಯಿಂದಲೇ ಬಯಲಾಗಿದೆ. ಎರಡು ದಿನಕ್ಕೆ ದಮ್ಮು ಇಳಿದರೆ ಮೂಲಿಕೆಯ ಮಹಿಮೆ ಅಂತೀವಿ. ತಿಂಗಳುಗಟ್ಟಲೆ ನುಂಗಿದರೆ ಮುಖ ಊದುತ್ತೆ, ಸಕ್ಕರೆ ಏರುತ್ತೆ, ಎದೆಯಲ್ಲಿ ಅಡಗಿದ್ದ ಕ್ಷಯ ತಲೆ ಎತ್ತುತ್ತೆ. ಡಾಕ್ಟರರನ್ನು ಕೇಳದೆ ಒಮ್ಮೆಲೇ ಬಿಟ್ಟರೂ ಅಪಾಯ!

ಆಯುರ್ವೇದವನ್ನು ಹಳಿಯುವ ಮಾತಲ್ಲ ಇದು. ಅಂಗಡಿಯಲ್ಲಿ ಮಾರುವ ಆಯುರ್ವೇದ ಔಷಧಿಯ ಮೇಲೆ ಏನೇನು ಸೇರಿದೆ, ಲೈಸೆನ್ಸ್ ನಂಬರೇನು, ತಯಾರಾದ ತಾರೀಖೇನು ಎಂದು ಬರೆದಿರಬೇಕೆಂಬುದು ಕಾನೂನು. ಅದಿಲ್ಲದ ಪೊಟ್ಟಣವನ್ನು ಅಂಗಡಿಕಾರರು ಇಡಬಾರದು, ಗಿರಾಕಿಗಳು ಕೊಳ್ಳಬಾರದು. ಈಗಾಗಲೇ ನುಂಗುತ್ತಿರುವವರು ಡಾಕ್ಟರರಿಂದ ಮುಚ್ಚಿಡದೆ ಪೊಟ್ಟಣವನ್ನೇ ಒಯ್ದು ತೋರಿಸಲಿ. ಔಷಧಿಯಿಂದ ತೊಂದರೆಯಾದರೆ ತಿಳಿಸಲು 1800-180-3024 ಎಂಬ ಉಚಿತ ಫೋನ್ ಕೂಡ ಉಂಟು.

ಔಷಧ ನಿಯಂತ್ರಣ ಇಲಾಖೆಗೂ ಒಂದು ಮಾತು. ಮೆಡಿಕಲ್ ಸ್ಟೋರುಗಳ ರಿಜಿಸ್ಟರು ನೋಡಿದರೆ ಸಾಲದು. ಸಂತೆಗೆ ಬನ್ನಿ, ಬಸ್ ನಿಲ್ದಾಣಕ್ಕೆ ಬನ್ನಿ. ಆ ಪುಡಿಗಳ ಮಾದರಿ ಒಯ್ದು ಪರೀಕ್ಷೆ ಮಾಡಿಸಿ. ಸಿಕ್ಕಿದ್ದೇನು ಅಂತ ಜನರಿಗೆ ತಿಳಿಸಿ. ಹಮಾಲನಿಗೆ ಉಸಿರೇ ಬಂಡವಾಳ. ಮುಂದಿನ ಸುಗ್ಗಿಯೊಳಗೆ ಇಷ್ಟಾದರೂ ಆದೀತೇ?