ಕ್ಲಬ್ಬಿನ ಗಂಟೆ ಒಮ್ಮೆ ದೇವಾಪುರದಾಗೂ ಬಾರಿಸ್ರಿ

ಮಳೆ ಬರಲಿ ಬಿಡಲಿ, ಕಾಲುವೆಗೆ ನೀರು ಹರಿಯಲಿ ನಿಲ್ಲಲಿ, ನಮ್ಮ ಪತ್ರಿಕೆಯ ಕಚೇರಿಗೆ ತಪ್ಪದೆ ಬರುವ ಸುದ್ದಿ ಒಂದಿದೆ. ಅದು ಸೇವಾ ಕ್ಲಬ್ಬುಗಳ ಸಾಪ್ತಾಹಿಕ ಸಭೆಯ ಸುದ್ದಿ. ಹಿಂದೆ ಕಾರ್ಬನ್ ಹಾಳೆ ಇಟ್ಟು ಟೈಪು ಮಾಡಿದ ಪ್ರತಿ ಬರುತ್ತಿತ್ತು, ಈಗ ಮೊಬೈಲಿಗೇ ಬಂದು ಬೀಳುತ್ತದೆ. ಒಕ್ಕಣೆ ಮಾತ್ರ ಕಿಂಚಿತ್ತೂ ಬದಲಾಗಿಲ್ಲ. ಅಧ್ಯಕ್ಷರು ಗಂಟೆ ಬಾರಿಸಿ ಸಭೆ ಆರಂಭಿಸಿದರು, ಕಾರ್ಯದರ್ಶಿಗಳು ವರದಿ ಓದಿದರು, ಇಂಥ ಸದಸ್ಯರ ಜನ್ಮದಿನ, ಇಂಥ ದಂಪತಿಗಳ ವಿವಾಹ ವಾರ್ಷಿಕೋತ್ಸವ, ಇಂಥವರ ಮಗ ಎಂಜಿನಿಯರಿಂಗ್ ಪಾಸು, ಇಂಥವರು ವಂದಿಸಿದರು, ರಾಷ್ಟ್ರಗೀತೆ, ಉಪಾಹಾರ. ಜೊತೆಗೊಂದು ಫೋಟೋ. ಸಾಲಾಗಿ ನಿಂತ ಹತ್ತು ಹನ್ನೆರಡು ಮಂದಿ, ನಡುವೆ ಶಾಲು ಹೊದ್ದವರೊಬ್ಬರು.

ಪುಟ ತುಂಬಿಸುವವರಿಗೆ ಇಂಥ ಸುದ್ದಿಯೂ ಬೇಕು, ಸುಳ್ಳು ಯಾಕೆ ಹೇಳೋಣ. ತಮ್ಮ ಹೆಸರು ಅಚ್ಚಾದ ದಿನ ಸದಸ್ಯರು ಹತ್ತು ಪ್ರತಿ ಕೊಳ್ಳುತ್ತಾರೆ. ಆದರೆ ವಾಚಕರು ಕೇಳುವ ಪ್ರಶ್ನೆಯೇ ಬೇರೆ. ‘ಇವರು ವಾರಾ ವಾರಾ ಕೂಡ್ತಾರಲ್ರೀ, ಕೂಡಿ ಮಾಡೋದೇನು?’ ಈ ಪ್ರಶ್ನೆಗೆ ನಗುವುದು ಸುಲಭ, ಕ್ಲಬ್ಬುಗಳನ್ನು ಬೈಯುವುದು ಇನ್ನೂ ಸುಲಭ. ನಾವು ಎರಡನ್ನೂ ಮಾಡಲು ಹೊರಟಿಲ್ಲ. ನಮ್ಮ ತಕರಾರು ಬೇರೆಯದು. ಅವರು ಸೇರುವುದು ತಪ್ಪಲ್ಲ, ಸೇರುವ ಜಾಗ ಮಾತ್ರ ಸರಿಯಲ್ಲ.

ಮೊದಲು ವಾರದ ಸಭೆಯ ಬಗ್ಗೆ. ರೋಟರಿಯಲ್ಲಿ ಇದು ಕಡ್ಡಾಯವಿತ್ತು. ಒಂದು ವಾರ ತಪ್ಪಿಸಿದವರು ಬೇರೆ ಊರಿನ ಕ್ಲಬ್ಬಿನ ಸಭೆಗೆ ಹೋಗಿಯಾದರೂ ಹಾಜರಿ ಸರಿದೂಗಿಸಬೇಕಿತ್ತು. 2016ರಲ್ಲಿ ನಿಯಮ ಸಡಿಲವಾಯಿತು, ತಿಂಗಳಿಗೆ ಎರಡು ಸಭೆ ಸಾಕು ಎಂದಾಯಿತು. ಇದನ್ನು ಕೇಳಿ ಕೆಲವರಿಗೆ ಹಾಲು ಕುಡಿದಷ್ಟು ಸಂತೋಷ. ನಮಗೇನೋ ಇದು ಒಳ್ಳೆಯದಾಯಿತು ಅನ್ನಿಸುವುದಿಲ್ಲ. ನಮ್ಮಂಥ ಊರುಗಳಲ್ಲಿ ಅಡತಿ ಅಂಗಡಿಯ ಸಾಹುಕಾರರು, ವಕೀಲರು, ಡಾಕ್ಟರು, ಬ್ಯಾಂಕ್ ಮ್ಯಾನೇಜರು, ಶಾಲೆಯ ಹೆಡ್ ಮಾಸ್ತರು ಒಂದೇ ಪಂಕ್ತಿಯಲ್ಲಿ ಕೂತು ಒಂದೇ ಉಪ್ಪಿಟ್ಟು ತಿನ್ನುವ ಜಾಗ ಎಷ್ಟಿವೆ? ಮದುವೆಯಲ್ಲಿ ಅವರವರ ಜಾತಿ, ಜಾತ್ರೆಯಲ್ಲಿ ಅವರವರ ಓಣಿ, ಚುನಾವಣೆಯಲ್ಲಂತೂ ಕೇಳಲೇಬೇಡಿ. ವಾರಕ್ಕೊಂದು ತಾಸು ಇವೆಲ್ಲ ಬಿಟ್ಟು ಕೂಡುವ ರೂಢಿ ಇದ್ದರೆ ಅದು ಸಣ್ಣ ಸಂಗತಿಯಲ್ಲ. ಅದನ್ನೂ ಹದಿನೈದು ದಿನಕ್ಕೆ ಇಳಿಸಿದರೆ ಉಳಿಯುವುದು ಪದಗ್ರಹಣದ ಊಟ ಮಾತ್ರ.

ಈ ಪದ್ಧತಿ ಹುಟ್ಟಿದ್ದೇ ಹಾಗೆ. 1905ರ ಫೆಬ್ರವರಿ 23ರಂದು ಅಮೆರಿಕದ ಷಿಕಾಗೋ ಶಹರದಲ್ಲಿ ನಾಲ್ವರು ಒಂದು ಕಚೇರಿಯಲ್ಲಿ ಕೂಡಿದರು. ವಕೀಲ ಪಾಲ್ ಹ್ಯಾರಿಸ್, ಕಲ್ಲಿದ್ದಲು ವ್ಯಾಪಾರಿ ಸಿಲ್ವೆಸ್ಟರ್ ಶೀಲ್, ಗಣಿ ಎಂಜಿನಿಯರ್ ಗಸ್ಟಾವಸ್ ಲೋರ್, ದರ್ಜಿ ಕಸುಬಿನ ಹೈರಮ್ ಶೋರಿ. ಒಂದೊಂದು ಕಸುಬಿಗೆ ಒಬ್ಬೊಬ್ಬರೇ ಸದಸ್ಯರು ಎಂಬುದು ಆಗಿನ ಕಟ್ಟಳೆ. ಹಳ್ಳಿಯಿಂದ ಬಂದು ದೊಡ್ಡ ಶಹರದಲ್ಲಿ ಒಂಟಿಯಾಗಿದ್ದ ವಕೀಲನಿಗೆ ಗೆಳೆಯರು ಬೇಕಾಗಿದ್ದರು, ಅಷ್ಟೇ. ಈ ವಾರ ಒಬ್ಬನ ಕಚೇರಿ, ಮುಂದಿನ ವಾರ ಮತ್ತೊಬ್ಬನ ಅಂಗಡಿ, ಹೀಗೆ ಸಭೆ ಸುತ್ತುತ್ತಿತ್ತು. ಸುತ್ತುವ ಸಭೆಯಾದ್ದರಿಂದಲೇ ರೋಟರಿ ಎಂಬ ಹೆಸರು. ಕಲ್ಕತ್ತೆಯ ಮೂಲಕ 1919-20ರಲ್ಲಿ ಅದು ಹಿಂದೂಸ್ಥಾನಕ್ಕೆ ಬಂತು. ಲಯನ್ಸ್ ಸಂಸ್ಥೆ ಹುಟ್ಟಿದ್ದೂ ಅದೇ ಷಿಕಾಗೋದಲ್ಲಿ, 1917ರಲ್ಲಿ. ನಮ್ಮ ದೇಶಕ್ಕೆ ಬಂದದ್ದು 1956ರಲ್ಲಿ.

ಹೆಸರಿನಲ್ಲೇ ಸುತ್ತುವುದು ಇದ್ದರೂ ನಮ್ಮ ಕಡೆ ಸಭೆ ಸುತ್ತುವುದನ್ನು ಬಿಟ್ಟು ಬಹಳ ದಿನವಾಯಿತು. ಸುರಪುರ, ಶಹಾಪುರ, ಯಾದಗಿರಿ, ಎಲ್ಲೇ ನೋಡಿ, ಒಂದು ಖಾಯಂ ಹಾಲು, ಗೋಡೆಗೆ ಬ್ಯಾನರು, ಮೇಜಿನ ಮೇಲೆ ಗಂಟೆ. ಗಂಟೆ ಅಲ್ಲೇ ಇರುತ್ತದೆ, ಗಂಟೆ ಇದ್ದಲ್ಲೇ ಸೇವೆಯೂ ಇರುತ್ತದೆ. ಸುರಪುರ ತಾಲೂಕಿನ ದೇವಾಪುರದಂಥ ಊರಿಗೆ ಕ್ಲಬ್ಬು ಪರಿಚಯವಾಗುವುದು ಶಿಬಿರದ ದಿನ ಮಾತ್ರ. ಶಾಮಿಯಾನ ಬರುತ್ತದೆ, ಮೈಕು ಬರುತ್ತದೆ, ಸಂಜೆಗೆ ಎಲ್ಲಾ ಗಾಡಿಯಲ್ಲಿ ಹೋಗುತ್ತದೆ. ಆಮೇಲೆ ಮುದುಕಿಯೊಬ್ಬಳು ಪಟ್ಟಣದ ಬಜಾರದಲ್ಲಿ ಕ್ಲಬ್ಬಿನವರನ್ನು ಕಂಡು ಕೇಳುತ್ತಾಳೆ: ‘ಯಪ್ಪಾ, ಅವತ್ತ ಈ ಕಣ್ಣ ಮಾಡಿಸಿದ್ರಿ, ಛಲೋ ಆಗೇದ. ಈ ಇನ್ನೊಂದ ಕಣ್ಣಿಂದು ಯಾವಾಗ್ರೀ?’ ಅದಕ್ಕೆ ಉತ್ತರ, ‘ಮುಂದಿನ ಕ್ಯಾಂಪಿಗೆ ನೋಡೂಣ, ಯಮ್ಮಾ.’ ಮುಂದಿನ ಕ್ಯಾಂಪಿನ ಹೊತ್ತಿಗೆ ಅಧ್ಯಕ್ಷರು ಬದಲಾಗಿರುತ್ತಾರೆ. ಕ್ಲಬ್ಬಿನ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಮೋತಿಬಿಂದು ಈ ಲೆಕ್ಕ ನೋಡಿಕೊಂಡು ಬರುವುದಿಲ್ಲ.

1925ರಲ್ಲಿ ಹೆಲೆನ್ ಕೆಲ್ಲರ್ ಎಂಬ ಮಹಾತಾಯಿ, ಕಣ್ಣೂ ಕಿವಿಯೂ ಇಲ್ಲದಾಕೆ, ಲಯನ್ಸ್ ಸಮ್ಮೇಳನಕ್ಕೆ ಬಂದು ಕುರುಡರ ಕೈಹಿಡಿಯಿರಿ ಎಂದು ಕೇಳಿಕೊಂಡಳು. ಅಂದಿನಿಂದ ಕಣ್ಣಿನ ಸೇವೆ ಅವರ ಮುಖ್ಯ ಕೆಲಸವಾಗಿದೆ. ಆ ಕೆಲಸವನ್ನು ನಾವು ಕಡಿಮೆ ಮಾಡುತ್ತಿಲ್ಲ. ಈ ಸೀಮೆಯಲ್ಲಿ ಎಷ್ಟೋ ಹಿರಿಯರು ಮೊಮ್ಮಕ್ಕಳ ಮುಖ ಕಂಡದ್ದು ಇಂಥ ಶಿಬಿರಗಳಿಂದಲೇ. ನಾವು ಕೇಳುವುದು ಎರಡನೆಯ ಕಣ್ಣಿನ ಲೆಕ್ಕ. ಅದು ಯಾವ ರಿಜಿಸ್ಟರಿನಲ್ಲಿದೆ?

ಲೆಕ್ಕ ಇಟ್ಟರೆ ಏನಾಗುತ್ತದೆ ಎಂಬುದಕ್ಕೆ ಪೋಲಿಯೋ ಸಾಕ್ಷಿ. ರೋಟರಿಯವರು ಜಗತ್ತಿನ ಮಟ್ಟದಲ್ಲಿ ಆ ಕೆಲಸಕ್ಕೆ ಕೈ ಹಾಕಿದ್ದು 1985ರಲ್ಲಿ. ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೋ ಶುರುವಾದದ್ದು 1995ರಲ್ಲಿ. ಭಾನುವಾರ ಬೂತಿನಲ್ಲಿ ಹನಿ ಹಾಕಿ ಕೈತೊಳೆದುಕೊಂಡಿದ್ದರೆ ಇವತ್ತಿಗೂ ಪೋಲಿಯೋ ಇರುತ್ತಿತ್ತು. ಆಶಾ, ಅಂಗನವಾಡಿಯ ಹೆಣ್ಣುಮಕ್ಕಳು ಮಾರನೆಯ ದಿನದಿಂದ ಮನೆ ಮನೆಗೆ ನಡೆದರು. ಎಲ್ಲಾ ಮಕ್ಕಳಿಗೂ ಹನಿ ಬಿದ್ದ ಮನೆಯ ಬಾಗಿಲಿಗೆ ಸುಣ್ಣದ ಕಡ್ಡಿಯಲ್ಲಿ ‘ಪಿ’ ಎಂಬ ಗುರುತು, ಒಂದು ಕೂಸು ತಪ್ಪಿದ್ದರೂ ‘ಎಕ್ಸ್’ ಗುರುತು. ಎಕ್ಸ್ ಬಿದ್ದ ಮನೆಗೆ ಮತ್ತೆ ಹೋಗುವುದು, ಮತ್ತೂ ಹೋಗುವುದು. ಗುಳೆ ಹೋದವರ ಮಕ್ಕಳನ್ನು ಇಟ್ಟಂಗಿ ಭಟ್ಟಿಯಲ್ಲಿ, ಕಟ್ಟಡದ ಜೋಪಡಿಯಲ್ಲಿ, ಬಸ್ ನಿಲ್ದಾಣದಲ್ಲಿ ಹುಡುಕಿ ಹನಿ ಹಾಕಿದರು. ದೇಶದ ಕೊನೆಯ ಪ್ರಕರಣ 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡಿತು. 2014ರ ಮಾರ್ಚ್ 27ರಂದು ಪೋಲಿಯೋ ಮುಕ್ತ ಎಂಬ ಸರ್ಟಿಫಿಕೇಟು ಕೈಗೆ ಬಂತು. ಕ್ಲಬ್ಬುಗಳ ದುಡ್ಡು, ಬ್ಯಾನರು, ಉಪಾಹಾರದ ಪೊಟ್ಟಣ ಎಲ್ಲವೂ ಉಪಯೋಗವಾಯಿತು, ನಿಜ. ಆದರೆ ರೋಗವನ್ನು ಓಡಿಸಿದ್ದು ಆ ಎಕ್ಸ್ ಗುರುತು. ಕ್ಲಬ್ಬಿನ ಶಿಬಿರಗಳಿಗೆ ಇಂಥದೊಂದು ಎಕ್ಸ್ ಗುರುತು ಇಲ್ಲ, ಇರುವುದೆಲ್ಲಾ ಬರೀ ‘ಪಿ’. ಫೋಟೋಕ್ಕೆ ಪಿ ಅಂತಲೇ ತಿಳಿಯಿರಿ.

ಇನ್ನು ಸದಸ್ಯರ ವಾರ್ತೆ. ಹುಟ್ಟುಹಬ್ಬದ ಪಟ್ಟಿಯನ್ನು ಮಾತ್ರ ಕ್ಲಬ್ಬಿನವರು ಬಹಳ ಶಿಸ್ತಿನಿಂದ ಇಡುತ್ತಾರೆ. ಯಾರದು ಯಾವ ತಾರೀಖು, ಮನೆಯವರದು ಯಾವಾಗ, ಮದುವೆ ಆದದ್ದು ಯಾವಾಗ, ಒಂದೂ ತಪ್ಪುವುದಿಲ್ಲ. ಇಂಥ ಪಟ್ಟಿ ನಮ್ಮ ಯಾವ ಸರಕಾರಿ ಕಚೇರಿಯಲ್ಲೂ ಸಿಗಲಿಕ್ಕಿಲ್ಲ. ಇದನ್ನು ನೋಡಿದಾಗಲೆಲ್ಲ ನಮಗೆ ನೆನಪಾಗುವುದು ರಕ್ತದ ವಿಚಾರ.

ರಕ್ತದಾನ ಶಿಬಿರ ನಡೆಯುವುದು ಯಾವಾಗ? ಆಗಸ್ಟ್ 15, ಅಕ್ಟೋಬರ್ 2, ಇಲ್ಲಾ ಯಾರಾದರೂ ದೊಡ್ಡವರ ಜನ್ಮದಿನ. ಒಂದೇ ದಿನ ಐವತ್ತು ಅರವತ್ತು ಮಂದಿ ಮಲಗಿ ಕೊಟ್ಟು, ಬಿಸ್ಕೀಟು ತಿಂದು, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಉದ್ದೇಶ ಪವಿತ್ರವೇ. ಆದರೆ ಸಾಮಾನ್ಯ ಚೀಲದಲ್ಲಿ ತಣ್ಣಗಿಟ್ಟ ರಕ್ತಕ್ಕೆ ಆಯುಷ್ಯ 35 ದಿನ. ಕೆಂಪುಕಣ ಬೇರ್ಪಡಿಸಿ ಬೇರೆ ದ್ರಾವಣದಲ್ಲಿಟ್ಟರೆ 42 ದಿನ, ಪ್ಲೇಟ್ಲೆಟ್ ಆದರೆ ಐದೇ ದಿನ. ಆಗಸ್ಟ್ 15ಕ್ಕೆ ಕೊಟ್ಟದ್ದು ಅಕ್ಟೋಬರಿಗೆ ಉಳಿಯುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಾಲೇಜುಗಳಿಗೆ ರಜೆ, ಬಿಸಿಲಿಗೆ ಹೆದರಿ ಯಾರೂ ಹೊರಬೀಳುವುದಿಲ್ಲ. ಹೆರಿಗೆಯ ಬಾಯಿ ಕೇಸು ಮಾತ್ರ ಬಿಸಿಲು ನೋಡಿ ಬರುವುದಿಲ್ಲ. ರಾತ್ರಿ ಹತ್ತಕ್ಕೆ ಹಳ್ಳಿಯಿಂದ ಬಾಣಂತಿಯನ್ನು ಗಾಡಿಗೆ ಹಾಕಿಕೊಂಡು ಯಾದಗಿರಿಗೋ ಕಲಬುರಗಿಗೋ ರಾಯಚೂರಿಗೋ ಓಡುವವರು ಜೊತೆಗೆ ಮೂರು ಮಂದಿಯನ್ನು ರಕ್ತ ಕೊಡಲಿಕ್ಕೆಂದೇ ಕರೆದೊಯ್ಯುತ್ತಾರೆ. ಅವರಲ್ಲಿ ಒಬ್ಬನಿಗೆ ತೂಕ ಸಾಲದು, ಒಬ್ಬನಿಗೆ ರಕ್ತವೇ ಕಡಿಮೆ. ಕೊಂಡು ತರೋಣವೆಂದರೆ ಅದೂ ಆಗದು. ಸುಪ್ರೀಂ ಕೋರ್ಟಿನ 1996ರ ತೀರ್ಪಿನ ಮೇಲೆ 1998ರ ಜನವರಿ 1ರಿಂದ ದುಡ್ಡಿಗೆ ರಕ್ತ ಮಾರುವುದು ಬಂದಾಗಿದೆ. ಬಂದಾದದ್ದು ಸರಿಯೇ, ಅದರಿಂದ ಹರಡುತ್ತಿದ್ದ ರೋಗಗಳ ಲೆಕ್ಕ ಯಾರಿಗೆ ಗೊತ್ತಿಲ್ಲ. ಆದರೆ ಆ ಜಾಗವನ್ನು ತುಂಬಬೇಕಾದವರು ಸ್ವಂತ ಮನಸ್ಸಿನಿಂದ ಕೊಡುವವರು, ಅದೂ ವರ್ಷವಿಡೀ ಕೊಡುವವರು.

ಈಗ ಆ ಹುಟ್ಟುಹಬ್ಬದ ಪಟ್ಟಿ ತೆಗೆಯಿರಿ. ಜನವರಿಯಿಂದ ಡಿಸೆಂಬರ್‌ವರೆಗೆ ದೇವರೇ ಹಂಚಿಕೊಟ್ಟಿದ್ದಾನೆ, ವಾರಕ್ಕೆ ಒಬ್ಬಿಬ್ಬರಂತೆ. ಹುಟ್ಟಿದ ವಾರ ಕೇಕು ಕತ್ತರಿಸುವ ಬದಲು, ಬೇಕಾದರೆ ಕತ್ತರಿಸಿದ ಮೇಲೆ, ರಕ್ತನಿಧಿಗೆ ಹೋಗಿ ಒಂದು ಚೀಲ ಕೊಟ್ಟು ಬನ್ನಿ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. 18 ದಾಟಿ 65ರ ಒಳಗಿದ್ದು, 45 ಕಿಲೋ ತೂಕವಿದ್ದು, ಬೇರೆ ತೊಂದರೆ ಇಲ್ಲದಿದ್ದರೆ ಸಾಕು. ವಯಸ್ಸು ಮೀರಿದವರು, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ತಮ್ಮ ಮಗನನ್ನೋ ಅಂಗಡಿಯ ಹುಡುಗನನ್ನೋ ಒಪ್ಪಿಸಿ ಕರೆತರಲಿ. ಅಂಗಡಿಯ ಹುಡುಗನನ್ನು ಒತ್ತಾಯ ಮಾಡಬಾರದು, ಇದನ್ನು ಬೇರೆಯಾಗಿಯೇ ಹೇಳಬೇಕಾಗಿದೆ. ಆಗ ‘ಇಂಥವರ ಜನ್ಮದಿನ’ ಎಂಬ ಸುದ್ದಿಯ ಪಕ್ಕದಲ್ಲೇ ‘ಒಂದು ಯೂನಿಟ್’ ಎಂದು ನಾವು ಸಂತೋಷದಿಂದ ಅಚ್ಚು ಹಾಕುತ್ತೇವೆ. ಫೋಟೋ ಇಲ್ಲದಿದ್ದರೂ ನಡೆಯುತ್ತದೆ.

ಹೆಂಗಸರ ಮಾತು ಬಂತು. ರೋಟರಿಗೆ ಹೆಣ್ಣುಮಕ್ಕಳು ಸದಸ್ಯರಾಗಲು 1989ರವರೆಗೆ ಕಾಯಬೇಕಾಯಿತು. ಅದಕ್ಕೂ ಮೊದಲು, 1987ರಲ್ಲಿ, ಅಮೆರಿಕದ ಸುಪ್ರೀಂ ಕೋರ್ಟು ಕಿವಿ ಹಿಂಡಿತ್ತು. ಇಷ್ಟು ವರ್ಷವಾದರೂ ನಮಗೆ ಬರುವ ಫೋಟೋಗಳ ಸಾಲಿನಲ್ಲಿ ಸೀರೆ ಉಟ್ಟವರು ಕಾಣುವುದು ಬಾಗಿನದ ದಿನ. ಊರಲ್ಲಿ ಡಾಕ್ಟರಮ್ಮ ಇದ್ದಾರೆ, ವಕೀಲರಿದ್ದಾರೆ, ಬ್ಯಾಂಕಿನಲ್ಲಿ, ಪಂಚಾಯ್ತಿಯಲ್ಲಿ, ಶಾಲೆಯಲ್ಲಿ ಎಷ್ಟು ಮಂದಿ ಬಾಯಾರಿಲ್ಲ? ಅವರಿಗೆ ರಾತ್ರಿ ಎಂಟರ ಸಭೆಗೆ ಬಾ ಎಂದರೆ ಬರುವುದಾದರೂ ಹೇಗೆ. ಸಭೆಯ ವೇಳೆ ಬದಲಾಗದೆ ಸದಸ್ಯರ ಪಟ್ಟಿ ಬದಲಾಗದು.

ಅವರು ಬಂದಿದ್ದರೆ ಒಂದು ವಿಷಯ ಎಂದೋ ಚರ್ಚೆಗೆ ಬರುತ್ತಿತ್ತು. ಷಿಕಾಗೋದ ಆ ಮೊದಲ ಕ್ಲಬ್ಬು 1907ರಲ್ಲಿ ಕೈಗೆತ್ತಿಕೊಂಡ ಮೊಟ್ಟಮೊದಲ ಸಾರ್ವಜನಿಕ ಕೆಲಸ ಯಾವುದು ಗೊತ್ತೇ? ಕಣ್ಣಿನ ಶಿಬಿರವಲ್ಲ, ನೋಟ್‌ಬುಕ್ ವಿತರಣೆಯಲ್ಲ. ಶಹರದ ನಡುವೆ ಸಾರ್ವಜನಿಕ ಶೌಚಾಲಯ! ಅದಕ್ಕೂ ವಿರೋಧ ಬಂತು. ಸೆರೆ ಅಂಗಡಿಯವರು, ದೊಡ್ಡ ಬಟ್ಟೆ ಅಂಗಡಿಯವರು ನಮ್ಮಲ್ಲೇ ಇವೆಯಲ್ಲ, ಬೇರೆ ಯಾಕೆ ಅಂದರು. ಹಟ ಹಿಡಿದು ಮಾಡಿಸಿದರು. ನಮ್ಮ ಕ್ರಾಸುಗಳಲ್ಲಿ, ಬಸ್ ನಿಲ್ಲುವ ಕಡೆಗಳಲ್ಲಿ ಏನು ಕಟ್ಟುತ್ತಾರೆ ನೋಡಿ. ತಂಗುದಾಣ. ಅದರ ಮೇಲೆ ತಂಗುದಾಣಕ್ಕಿಂತ ದೊಡ್ಡ ಬೋರ್ಡು. ಗಂಡಸರಿಗೇನು, ಜಾಲಿಗಿಡದ ಮರೆ ಸಾಕು. ಬಸ್ಸಿಗೆ ಎರಡು ತಾಸು ಕಾಯುವ ಹೆಣ್ಣುಮಗಳು ಬೆಳಗಿನಿಂದ ನೀರೇ ಕುಡಿಯದೆ ಬಂದಿರುತ್ತಾಳೆ. ಶೌಚಾಲಯಕ್ಕೆ ಹೆಸರು ಬರೆಸಿಕೊಳ್ಳಲು ದಾನಿಗಳು ಹಿಂಜರಿಯುತ್ತಾರೆ ಎಂಬುದು ಕ್ಲಬ್ಬಿನವರೇ ನಗುತ್ತಾ ಹೇಳುವ ಮಾತು. ಕಟ್ಟಿಸಿದರೂ ನೀರು ಬೇಕು, ದಿನಾ ತೊಳೆಯುವವರಿಗೆ ಸಂಬಳ ಬೇಕು. ಉದ್ಘಾಟನೆಗಿಂತ ಅದೇ ದೊಡ್ಡ ಖರ್ಚು. ವಾರವಾರ ಸೇರುವವರಿಗಲ್ಲದೆ ಇನ್ಯಾರಿಗೆ ವಾರವಾರದ ಇಂಥ ಕೆಲಸ ಒಪ್ಪೀತು?

ಆದ್ದರಿಂದ ನಮ್ಮ ಸೂಚನೆ ಇಷ್ಟು. ತಿಂಗಳ ನಾಲ್ಕು ಸಭೆಗಳಲ್ಲಿ ಒಂದನ್ನು ಹಳ್ಳಿಗೆ ಒಯ್ಯಿರಿ, ಮೊದಲು ದೇವಾಪುರಕ್ಕೆ. ಶಿಬಿರ ಅಂತ ಅಲ್ಲ, ಶಾಮಿಯಾನ ಬೇಡ, ಹಾರ ತುರಾಯಿ ಬೇಡವೇ ಬೇಡ. ಮಾಮೂಲಿ ಸಭೆ, ಅದೇ ಗಂಟೆ, ಅದೇ ವರದಿ. ಊರವರು ಹಿಂದೆ ಕೂತು ಕೇಳಲಿ. ಹೋದ ಶಿಬಿರದಲ್ಲಿ ಎಷ್ಟು ಕಣ್ಣು, ಎರಡನೆಯದು ಯಾರದು ಬಾಕಿ, ಅಲ್ಲೇ ಹೆಸರು ಓದಿಸಲಿ. ಯಾರು ಗುಳೆ ಹೋಗಿದ್ದಾರೆ, ಯಾವ ಮುದುಕರು ಮನೆಯಲ್ಲಿ ಒಬ್ಬರೇ ಉಳಿದಿದ್ದಾರೆ ಎಂಬುದು ಪಟ್ಟಣದ ಹಾಲಿನಲ್ಲಿ ಕೂತರೆ ತಿಳಿಯದು. ಬೆಂಗಳೂರು, ಪುಣೆಗೆ ಹೋದವರ ಮನೆಗೆ ಬೀಗ ಬಿದ್ದಿದೆಯೋ, ಒಳಗೆ ಅಜ್ಜಿ ಇದ್ದಾಳೋ, ಅದು ನೆರೆಮನೆಯವರಿಗೆ ಮಾತ್ರ ಗೊತ್ತು.

ಇದಕ್ಕೆ ಆಕ್ಷೇಪ ಬರುತ್ತದೆ ಎಂದು ನಮಗೆ ಗೊತ್ತಿದೆ. ‘ಹಳ್ಳಿಗೆ ಹೋದ್ರ ಬರೀ ಬೇಡಿಕೆ ಪಟ್ಟಿ ಕೊಡ್ತಾರ್ರೀ, ನಾವೇನು ಸರಕಾರೇನು?’ ಎಂದು ಒಬ್ಬ ಸದಸ್ಯರು ಹೇಳುವುದನ್ನು ಕೇಳಿದ್ದೇವೆ. ಮಾತಿನಲ್ಲಿ ಸತ್ಯವಿದೆ. ರಸ್ತೆ ಕೇಳುತ್ತಾರೆ, ಕಾಲುವೆಯ ಟೇಲ್ ಎಂಡಿಗೆ ನೀರು ಕೇಳುತ್ತಾರೆ. ನಾರಾಯಣಪುರದ ಅಣೆಕಟ್ಟು 1982ರಲ್ಲಿ ಆಯಿತು. ಎಡದಂಡೆಯ ನೀರು ಈ ಸೀಮೆಯ ಮುಖವನ್ನೇ ಬದಲಿಸಿತು. ಆದರೂ ಕೊನೆಯ ಹೊಲದವನ ಜಗಳ ಮುಗಿದಿಲ್ಲ, ಅದನ್ನು ಕ್ಲಬ್ಬು ಬಗೆಹರಿಸಲಾರದು. ಅದನ್ನು ಅಲ್ಲೇ ಸ್ಪಷ್ಟವಾಗಿ ಹೇಳಿಬಿಡಿ. ‘ಅದು ನಮ್ಮ ಕೈಲಾಗದು, ಇದು ಆಗುತ್ತದೆ’ ಎಂದು ಮುಖ ನೋಡಿ ಹೇಳಿದವರ ಮೇಲೆ ಹಳ್ಳಿಯವರು ಸಿಟ್ಟಾಗುವುದಿಲ್ಲ. ‘ನೋಡೂಣ’ ಎಂದು ಹೋದವರ ಮೇಲೆಯೇ ಅವರ ಸಿಟ್ಟು.

ಇನ್ನೊಂದು ಆಕ್ಷೇಪ ಊಟದ್ದು. ಸಭೆಯ ನಂತರದ ಊಟವಿಲ್ಲದಿದ್ದರೆ ಕೋರಂ ಕೂಡದು ಎನ್ನುವ ಮಹನೀಯರೂ ಉಂಟು. ಅವರಿಗೆ ದೇವಾಪುರದ ಸಜ್ಜೆರೊಟ್ಟಿ, ಪುಂಡಿಪಲ್ಯದ ರುಚಿ ತಿಳಿದಿಲ್ಲವೆಂದೇ ನಮ್ಮ ಗುಮಾನಿ.

ಮುಂದಿನ ಜುಲೈಗೆ ಹೊಸ ಅಧ್ಯಕ್ಷರುಗಳು ಬರುತ್ತಾರೆ, ಪದಗ್ರಹಣದ ಆಮಂತ್ರಣ ಪತ್ರಿಕೆಗಳು ಅಚ್ಚಾಗುತ್ತವೆ. ಆ ಗಂಟೆ ಏನು ಭಾರವಿಲ್ಲ, ಕೈಚೀಲದಲ್ಲಿ ಹಿಡಿಯುತ್ತದೆ. ಶಾಲೆಯ ಕೋಣೆಯ ಬೀಗದ ಕೈ ಹೆಡ್ ಮಾಸ್ತರರ ಬಳಿ ಇರುತ್ತದೆ. ತಾರೀಖು ಗೊತ್ತಾದ ಕೂಡಲೇ ಎರಡು ದಿನ ಮುಂಚಿತವಾಗಿ ನಮಗೆ ತಿಳಿಸಿದರೆ ಸಾಕು. ಆ ಸಭೆಯ ಸುದ್ದಿಯನ್ನು ಮೂರನೇ ಪುಟಕ್ಕೆ ತಳ್ಳುವುದಿಲ್ಲ, ಮೊದಲ ಪುಟದಲ್ಲೇ ಹಾಕುತ್ತೇವೆ.