ಜರಡಿಯೂ ತಕ್ಕಡಿಯೂ

ಉಷ್ಣಮಾಪಕವನ್ನು ನಂಬುವ ಮೊದಲು ಅದನ್ನು ಕರಗುವ ಮಂಜುಗಡ್ಡೆಯಲ್ಲಿಯೂ ಕುದಿಯುವ ನೀರಿನ ಹಬೆಯಲ್ಲಿಯೂ ಇಟ್ಟು ಪರೀಕ್ಷಿಸಬೇಕೆಂಬುದನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಗರ್ಭಿಣಿಯರ ಮತ್ತು ಬಾಣಂತಿಯರ ಮನಸ್ಸನ್ನು ಅಳೆಯುವ ಸಾಧನಕ್ಕೂ ಇಂತಹ ಪರೀಕ್ಷೆ ಬೇಡವೆ?

ಬಾಣಂತಿಯರ ಖಿನ್ನತೆಯನ್ನು ಗುರುತಿಸಲು ಸ್ಕಾಟ್ಲೆಂಡಿನಲ್ಲಿ ರೂಪುಗೊಂಡು 1987ರಲ್ಲಿ ಪ್ರಕಟವಾದ ಎಡಿನ್‌ಬರೋ ಪ್ರಶ್ನಾವಳಿಯು ಇಂದು ಅನೇಕ ಭಾಷೆಗಳಲ್ಲಿ ಬಳಕೆಯಲ್ಲಿದೆ. ಪ್ರಶ್ನೆಗಳು ಹತ್ತು, ಒಂದೊಂದಕ್ಕೂ ಸೊನ್ನೆಯಿಂದ 3ರವರೆಗೆ ಅಂಕ. ನಿಶ್ಚಿತ ಗೆರೆಯನ್ನು ಮುಟ್ಟಿದವರನ್ನು ವೈದ್ಯರು ಪ್ರತ್ಯೇಕವಾಗಿ ಪರೀಕ್ಷಿಸತಕ್ಕದ್ದು. ಆ ಗೆರೆ ಎಲ್ಲಿರಬೇಕೆಂಬುದೇ ವಿವಾದ. ತಮಿಳು ಬಾಣಂತಿಯರಲ್ಲಿ 9 ಅಂಕ ಯುಕ್ತವೆಂದು 2005ರ ಅಧ್ಯಯನವೊಂದು ತಿಳಿಸಿತು. ಕರ್ನಾಟಕದ ಗ್ರಾಮಾಂತರದ ಗರ್ಭಿಣಿಯರಲ್ಲಿ 13 ಯುಕ್ತವೆಂದು 2011ರ ಇನ್ನೊಂದು ಅಧ್ಯಯನ ಹೇಳಿತು. ಭಾಷೆ ಬೇರೆ, ಅವಸ್ಥೆ ಬೇರೆ, ಗೆರೆಯೂ ಬೇರೆಯಾಯಿತು.

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ತೋಟಗಳ ಲೈನುಮನೆಗಳಲ್ಲಿ ಕನ್ನಡ, ತುಳು, ತಮಿಳು ನುಡಿಯುವವರಿದ್ದಾರೆ; ಅಸ್ಸಾಮಿನಿಂದ ಬಂದವರೂ ಉಂಟು. ಇಲ್ಲಿ 10 ಅಂಕ ಪಡೆದ ಹೆಂಗಸು ಒಂದು ಗೆರೆಯಂತೆ ಶಂಕಿತಳು, ಇನ್ನೊಂದರಂತೆ ಆರೋಗ್ಯವಂತಳು! ಪ್ರಶ್ನೆಗಳನ್ನು ಓದಿ ಹೇಳುವಾಗ ಅತ್ತೆಯೋ ಗಂಡನೋ ಪಕ್ಕದಲ್ಲಿದ್ದರೆ ಉತ್ತರವೇ ಬದಲಾದೀತು.

ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳೋಣ. 200 ಗರ್ಭಿಣಿಯರಲ್ಲಿ ನಿಜವಾಗಿ ಖಿನ್ನರಾದವರು 20 ಮಂದಿ. ಪ್ರಶ್ನಾವಳಿಯು ಅವರೆಲ್ಲರನ್ನೂ ಹಿಡಿಯಿತು. ಆದರೆ ಉಳಿದ 180 ಮಂದಿಯಲ್ಲಿ ಆರರಲ್ಲೊಬ್ಬರನ್ನು, ಎಂದರೆ 30 ಮಂದಿಯನ್ನು, ತಪ್ಪಾಗಿ ಸೇರಿಸಿಕೊಂಡಿತು. ಒಟ್ಟು 50. ಶೇಕಡ 10 ಇದ್ದುದು ಶೇಕಡ 25 ಆಯಿತು. ಇದೇ ಗುಂಪನ್ನು ಹಿಡಿದು, ತಾಯಿಯ ಖಿನ್ನತೆಯಿಂದ ಶಿಶುವಿನ ತೂಕ ಕುಗ್ಗುವುದೆ ಎಂದು ವಿಚಾರಿಸಿದರೆ ಬರುವ ಉತ್ತರವನ್ನು ಹೇಗೆ ನಂಬುವುದು? ಅರೆಹೊಟ್ಟೆಯು ತಾಯಿಯ ಮನಸ್ಸನ್ನೂ ಶಿಶುವಿನ ತೂಕವನ್ನೂ ಏಕಕಾಲದಲ್ಲಿ ಕುಗ್ಗಿಸಬಲ್ಲುದೆಂಬುದನ್ನೂ ಮರೆಯಲಾಗದು.

“ಗೆರೆಯ ಚರ್ಚೆ ಮುಗಿಯುವವರೆಗೆ ನೊಂದವರು ಕಾಯಬೇಕೆ?” ಎಂದು ಕೆಲವರು ಕೇಳಬಹುದು. ಖಂಡಿತ ಬೇಡ. ನೆರವು ನೀಡುವುದಕ್ಕಾದರೆ ಗೆರೆ ತುಸು ಕೆಳಗಿದ್ದರೂ ಬಾಧಕವಿಲ್ಲ. ಆರೋಗ್ಯವಂತಳೊಬ್ಬಳು ವೈದ್ಯರೊಡನೆ ಮಾತನಾಡಿ ಬಂದರೆ ನಷ್ಟವೇನು? ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯನ್ನು ಕುರಿತ ಹತ್ತನೆಯ ಪ್ರಶ್ನೆಗಂತೂ, ಒಟ್ಟು ಅಂಕ ಎಷ್ಟೇ ಇರಲಿ, ಸೊನ್ನೆಯಲ್ಲದ ಉತ್ತರ ಬಂದೊಡನೆ ಗಮನ ಕೊಡಬೇಕು. ಆದರೆ ಶೇಕಡವಾರು ಸಾರುವುದಕ್ಕೂ ಕಾರಣ ನಿರ್ಣಯಿಸುವುದಕ್ಕೂ ಅದೇ ಅಂಕ ಸಾಲದು. ಅಲ್ಲಿ ಆಯಾ ಭಾಷೆಯಲ್ಲಿ ಪರೀಕ್ಷಿತವಾದ ಗೆರೆಯೂ ವೈದ್ಯರ ನಿರ್ಣಯವೂ ಬೇಕು.

ಕಾಫಿ ಬೀಜವನ್ನು ಜರಡಿಯಿಂದ ವಿಂಗಡಿಸುತ್ತೇವೆ, ತಕ್ಕಡಿಯಿಂದ ತೂಗುತ್ತೇವೆ. ಎರಡೂ ಬೇಕು; ಆದರೆ ಒಂದರ ಕೆಲಸವನ್ನು ಇನ್ನೊಂದಕ್ಕೆ ವಹಿಸಲಾಗದು.