14 ವರ್ಷದ ಲೆಕ್ಕ

ಜೀವಾವಧಿ ಶಿಕ್ಷೆಯೆಂದರೆ 14 ವರ್ಷ ಎಂಬ ನಂಬಿಕೆ ಆದೋನಿ, ಆಲೂರು, ಕೌತಾಳಂ ಸೀಮೆಯ ಮನೆಮನೆಗಳಲ್ಲಿ ಇಂದಿಗೂ ಉಳಿದಿದೆ. ಕಾನೂನು ಹಾಗೆ ಹೇಳುವುದಿಲ್ಲ. ಸರ್ಕಾರ ಶಿಕ್ಷೆಯನ್ನು ಕಡಿತಗೊಳಿಸದ ಹೊರತು ಜೀವಾವಧಿಯೆಂದರೆ ಜೀವವಿರುವ ತನಕ ಎಂದು ಗೋಪಾಲ ಗೋಡ್ಸೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1961ರಲ್ಲಿಯೇ ತೀರ್ಮಾನಿಸಿತು. ಮರಣದಂಡನೆಗೂ ಅರ್ಹವಾದ ಅಪರಾಧಕ್ಕೆ ಜೀವಾವಧಿ ಶಿಕ್ಷೆ ಪಡೆದವನನ್ನು 14 ವರ್ಷ ತುಂಬುವ ಮುನ್ನ ಬಿಡಕೂಡದೆಂಬ ನಿಯಮ 1978ರಲ್ಲಿ ಬಂದಿತು. ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 475ನೆಯ ಕಲಮಿನಲ್ಲಿಯೂ ಅದು ಇದೆ. ಅದು ಬಿಡುಗಡೆಯ ದಿನವಲ್ಲ, ಬಿಡುಗಡೆಯ ವಿಚಾರಣೆಗೆ ತೆರೆಯುವ ಬಾಗಿಲು. ಕೆಲವರಿಗೆ ಆ ಬಾಗಿಲೂ ಇಲ್ಲ. ಬೆಂಗಳೂರಿನ ಕೊಲೆ ಪ್ರಕರಣದಲ್ಲಿ ಸ್ವಾಮಿ ಶ್ರದ್ಧಾನಂದನ ಮರಣದಂಡನೆಯನ್ನು 2008ರಲ್ಲಿ ರದ್ದುಪಡಿಸಿದ ನ್ಯಾಯಾಲಯ, ಆತನನ್ನು ಬದುಕಿನ ಕೊನೆಯವರೆಗೂ ಬಿಡುವಂತಿಲ್ಲ ಎಂದಿತು.

ಕ್ಷಮಾದಾನ ನೀಡಲು ರಾಜ್ಯಪಾಲರಿಗೆ ಸಂವಿಧಾನವೇ ಕೊಟ್ಟ ಅಧಿಕಾರ ಬೇರೆ. ಅದು ಹೇಗೆ ಬಳಕೆಯಾಗಬಹುದೆಂಬುದಕ್ಕೆ ಅಂದಿನ ಕರ್ನೂಲು ಜಿಲ್ಲೆಯೇ ಸಾಕ್ಷಿ. ನಂದಿಕೊಟ್ಕೂರಿನ ಅಂದಿನ ಶಾಸಕಿಯ ಪತಿಗೆ ಜೀವಾವಧಿಯಲ್ಲ, 10 ವರ್ಷದ ಶಿಕ್ಷೆಯಾಗಿತ್ತು. 2005ರಲ್ಲಿ ರಾಜ್ಯಪಾಲರು ಉಳಿದ ಅವಧಿಯನ್ನು ಮನ್ನಾ ಮಾಡಿದರು. 1995ರಲ್ಲಿ ಕೊಲೆಯಾದವರೊಬ್ಬರ ಮಗ ಸೇರಿ ಇಬ್ಬರು ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ಕೈದಿಯು ಆಳುವ ಪಕ್ಷದ ಒಳ್ಳೆಯ ಕಾರ್ಯಕರ್ತನೆಂಬುದೂ ಅಧಿಕಾರಿಗಳ ವರದಿಯಲ್ಲಿತ್ತು! ಏಪೂರು ಸುಧಾಕರ್ ಪ್ರಕರಣವೆಂದು ಹೆಸರಾದ 2006ರ ಅಕ್ಟೋಬರ್ 11ರ ತೀರ್ಪು ಆ ಮನ್ನಾವನ್ನು ರದ್ದುಗೊಳಿಸಿತು.

ಪ್ರಭಾವವುಳ್ಳವನ ಕಡತ ಹೀಗೆ ಓಡಿದರೆ, ಅರ್ಜಿ ಬರೆಸಲೂ ದಿಕ್ಕಿಲ್ಲದವನ ಕಡತ ಜೈಲಿನಲ್ಲಿಯೇ ಧೂಳು ಹಿಡಿಯುತ್ತದೆ. ಇಂಥವರಿಗಾಗಿಯೇ 2025ರ ಫೆಬ್ರವರಿ 18ರ ಆದೇಶ ಬಂದಿದೆ. ಅವಧಿಪೂರ್ವ ಬಿಡುಗಡೆಗೆ ನೀತಿಯಿರುವ ರಾಜ್ಯಗಳು, ಕೈದಿ ಅರ್ಹನಾದೊಡನೆ, ಅರ್ಜಿಗಾಗಿ ಕಾಯದೆ ತಾವಾಗಿಯೇ ಪರಿಶೀಲಿಸಬೇಕು. ನಿರಾಕರಿಸಿದರೆ ಕಾರಣವನ್ನು ಬರೆದು ಕೈದಿಗೆ ತಲುಪಿಸಬೇಕು. ಬಿಡುಗಡೆ ಹಕ್ಕಲ್ಲದಿರಬಹುದು, ಪರಿಶೀಲನೆ ಹಕ್ಕು.

ಪೆರೋಲ್ ಇದಕ್ಕಿಂತ ಭಿನ್ನ. ಮನೆಯಲ್ಲಿ ಸಾವು, ಕಾಯಿಲೆ, ಮದುವೆಯಂಥ ಕಾರಣಗಳಿಗೆ ಕೆಲದಿನ ಹೊರಬಂದು ಹಿಂದಿರುಗುವುದು. ಒಳ್ಳೆಯ ನಡತೆಯ ಕೈದಿಯೂ ಆಗೀಗ ಹೊರಗಿನ ಗಾಳಿ ಕುಡಿಯಬೇಕೆಂಬುದನ್ನು 2017ರಲ್ಲಿ ನ್ಯಾಯಾಲಯ ಒಪ್ಪಿತು. ಆದರೆ ಅದನ್ನು ನಿರ್ಬಂಧವಿಲ್ಲದ ಹಕ್ಕೆನ್ನಲಿಲ್ಲ.

ತೆಲುಗಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಬಂದ ನಿರಾಕರಣೆಯ ಆದೇಶ ಅರ್ಥವಾಗದ ಕುಟುಂಬಗಳು ಸುಮ್ಮನಿರಬೇಕಿಲ್ಲ. ಬಂಧನದಲ್ಲಿರುವವನಿಗೆ ಉಚಿತ ವಕೀಲರನ್ನು ಪಡೆಯಲು ಆದಾಯದ ಮಿತಿಯಿಲ್ಲ. 1987ರ ಕಾನೂನು ಸೇವೆಗಳ ಅಧಿನಿಯಮದ 12ನೆಯ ಕಲಮು ಅದನ್ನು ಹೇಳುತ್ತದೆ. ಆದೇಶದ ಪ್ರತಿಯೊಡನೆ ಕಾನೂನು ಸೇವಾ ಸಮಿತಿಗೆ ಬಂಧುಗಳೇ ಹೋಗಿ ಕೇಳಬಹುದು.